ಈ ಮಾತು ಮಗುವಿನದ್ದೋ, ಶಾಲೆಯದ್ದೋ? ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಧರ್ಮ ಮತ್ತು ಕಾನೂನು

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ 1962ರಲ್ಲೇ ಪ್ರಾರ್ಥನೆ ನಿಷೇಧ ಆಯಿತು ಅನ್ನುವ ಮಾತನ್ನು ನೀವು ಕೇಳಿರಬಹುದು. ಕೆಲವರು ಇದನ್ನು ಬೇಸರದಿಂದ ಹೇಳುತ್ತಾರೆ, ಕೆಲವರು ಹೆಮ್ಮೆಯಿಂದ. ಆದರೆ ಮಾತೇ ಸರಿಯಲ್ಲ. ಗಣಿತದ ಪರೀಕ್ಷೆಗೆ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆಯುವ ಮಗುವನ್ನು ಅಲ್ಲಿನ ಸುಪ್ರೀಂ ಕೋರ್ಟ್ ಯಾವತ್ತೂ ತಡೆದಿಲ್ಲ. ಊಟದ ಬಿಡುವಿನಲ್ಲಿ ಬೈಬಲ್ಲನ್ನೋ, ಕುರಾನನ್ನೋ, ಭಗವದ್ಗೀತೆಯನ್ನೋ ತೆಗೆದು ಓದಬಹುದು. ದೇವರು ಇದ್ದಾನೋ ಇಲ್ಲವೋ ಅಂತ ಗೆಳೆಯರ ಜೊತೆ ವಾದಕ್ಕೆ ಕೂರಬಹುದು. ಇದೆಲ್ಲ ಮಕ್ಕಳ ಹಕ್ಕು.

ಹಾಗಾದರೆ 1962ರಲ್ಲಿ ನಿಂತದ್ದೇನು? ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ತಾನೇ ಒಂದು ಪ್ರಾರ್ಥನೆ ಬರೆದಿತ್ತು. ಇಂಗ್ಲಿಷಿನಲ್ಲಿ ಬರೀ 22 ಪದ. ದಿನಾ ಬೆಳಿಗ್ಗೆ ತರಗತಿಯಲ್ಲಿ ಹೇಳಿಸಬೇಕು ಅಂತ ಶಾಲೆಗಳಿಗೆ ಶಿಫಾರಸು ಮಾಡಿತ್ತು. ಬೇಡವಾದವರು ಸುಮ್ಮನಿರಬಹುದು, ಹೊರಗೂ ಹೋಗಬಹುದು ಅನ್ನುವ ಸೌಲಭ್ಯವೂ ಇತ್ತು. ಕೆಲವು ಪೋಷಕರು ಕೋರ್ಟಿಗೆ ಹೋದರು. ಎಂಗೆಲ್ ವರ್ಸಸ್ ವಿಟಾಲೆ ಅನ್ನುವ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಜನರಿಗಾಗಿ ಪ್ರಾರ್ಥನೆ ಬರೆದುಕೊಡುವುದು ಸರ್ಕಾರದ ಕೆಲಸ ಅಲ್ಲ. ಮರುವರ್ಷ, 1963ರಲ್ಲಿ, ದಿನಾ ಶಾಲೆಯಲ್ಲಿ ಬೈಬಲ್ ಓದಿಸುವ ಪೆನ್ಸಿಲ್ವೇನಿಯಾದ ಕಾನೂನೂ ಬಿತ್ತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ಬೈಬಲ್ಲನ್ನು ಸಾಹಿತ್ಯವಾಗಿಯೋ ಇತಿಹಾಸವಾಗಿಯೋ ಪಾಠ ಮಾಡಲು ಅಡ್ಡಿಯಿಲ್ಲ ಅಂತ ಕೋರ್ಟ್ ಆಗಲೇ ಹೇಳಿತ್ತು.

ಅಂದರೆ ನಿಂತದ್ದು ಶಾಲೆ ಮಾಡಿಸುತ್ತಿದ್ದ ಪ್ರಾರ್ಥನೆ. ಮಗು ತಾನಾಗಿ ಮಾಡುವ ಪ್ರಾರ್ಥನೆ ನಿಂತಿಲ್ಲ. ಈ ವಿಷಯದ ಕಾನೂನು ಬಹುಮಟ್ಟಿಗೆ ಈ ವ್ಯತ್ಯಾಸದ ಮೇಲೆ ನಿಂತಿದೆ. ಯಾವ ಕೇಸನ್ನೇ ಓದಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಮಾತಾಡುತ್ತಿರುವವರು ಯಾರು?

ಈ ವ್ಯತ್ಯಾಸ ಬಂದದ್ದು ಸಂವಿಧಾನದ ಮೊದಲ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1791ರಲ್ಲಿ. ಸರ್ಕಾರ ಯಾವ ಧರ್ಮವನ್ನೂ ತನ್ನದು ಅಂತ ಸ್ಥಾಪಿಸುವ ಹಾಗಿಲ್ಲ. ಯಾರ ಧರ್ಮಾಚರಣೆಯನ್ನೂ ತಡೆಯುವ ಹಾಗಿಲ್ಲ. ಮಾತಿನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಹಾಗಿಲ್ಲ. ಮೂರೂ ಒಂದೇ ವಾಕ್ಯದಲ್ಲಿವೆ. ಮೊದಲಿಗೆ ಇದು ಕೇಂದ್ರದ ಸಂಸತ್ತಿಗೆ ಮಾತ್ರ ಹಾಕಿದ ಕಡಿವಾಣವಾಗಿತ್ತು. 1868ರ 14ನೇ ತಿದ್ದುಪಡಿಯ ಆಧಾರದ ಮೇಲೆ 1940 ಮತ್ತು 1947ರ ತೀರ್ಪುಗಳು ಈ ಧರ್ಮದ ನಿಯಮಗಳನ್ನು ರಾಜ್ಯಗಳಿಗೂ, ಸರ್ಕಾರಿ ಶಾಲೆಗಳನ್ನು ನಡೆಸುವ ಊರಿನ ಸ್ಕೂಲ್ ಬೋರ್ಡುಗಳಿಗೂ ಅನ್ವಯಿಸಿದವು. ಅಲ್ಲಿಂದಾಚೆ ಪ್ರಿನ್ಸಿಪಾಲರು, ಟೀಚರುಗಳು ಕೆಲಸದ ಮೇಲೆ ಆಡುವ ಮಾತು ಸರ್ಕಾರದ ಮಾತು. ಮಗು ಸರ್ಕಾರ ಅಲ್ಲ, ಅಲ್ವಾ? ಹಾಗಾಗಿ ಅದೇ ಕೋಣೆಯಲ್ಲಿ, ಅದೇ ಮಾತನ್ನು ಟೀಚರ್ ಹೇಳಿದರೆ ತಪ್ಪಾಗಬಹುದು, ವಿದ್ಯಾರ್ಥಿ ಹೇಳಿದರೆ ಅದು ಹಕ್ಕಾಗಬಹುದು.

ಬಾವುಟಕ್ಕೆ ಕೈ ಎತ್ತದ ಮಕ್ಕಳು

ಹಕ್ಕಿನ ಕಥೆ ಶುರುವಾದದ್ದು ಪ್ರಾರ್ಥನೆಯಿಂದ ಅಲ್ಲ, ಬಾವುಟದಿಂದ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು ದೇವರಿಗಲ್ಲದೆ ಬೇರೆ ಯಾವುದಕ್ಕೂ ವಂದಿಸುವುದಿಲ್ಲ. ಅವರ ಮಕ್ಕಳು ಶಾಲೆಯಲ್ಲಿ ರಾಷ್ಟ್ರಧ್ವಜಕ್ಕೆ ವಂದನೆ ಮಾಡಲು ಒಪ್ಪಲಿಲ್ಲ, ಶಾಲೆಯಿಂದ ಹೊರಬಿದ್ದರು. 1940ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳಲ್ಲಿ 8 ಮಂದಿ ಶಾಲೆಯ ಪರ ನಿಂತರು. ಆ ತೀರ್ಪಿನ ನಂತರ ಆ ಪಂಗಡದವರ ಮೇಲೆ ದೇಶದ ಹಲವು ಕಡೆ ಹಲ್ಲೆಗಳಾದವು. ಮೂರೇ ವರ್ಷದಲ್ಲಿ ಕೋರ್ಟ್ ತನ್ನ ಮಾತನ್ನು ತಾನೇ ಅಳಿಸಿತು. 1943ರ ಜೂನ್ 14ರಂದು, ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದಾಗ, ಅದೂ ಅಮೆರಿಕದ ಧ್ವಜ ದಿನದಂದೇ, ಬಾರ್ನೆಟ್ ಕೇಸಿನ ತೀರ್ಪು ಬಂತು. ರಾಜಕೀಯದಲ್ಲಾಗಲಿ, ಧರ್ಮದಲ್ಲಾಗಲಿ ಯಾವುದು ಸರಿ ಅಂತ ಯಾವ ಅಧಿಕಾರಿಯೂ ವಿಧಿಸುವ ಹಾಗಿಲ್ಲ, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ ಅಂತ ಪ್ರಜೆಗಳನ್ನು ಬಲವಂತ ಮಾಡುವ ಹಾಗೂ ಇಲ್ಲ ಅಂತ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಇವತ್ತಿಗೂ ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಧ್ವಜವಂದನೆ ಬೇಡ ಅಂತ ಕೂತ ಮಗುವನ್ನು ಶಿಕ್ಷಿಸುವ ಹಾಗಿಲ್ಲ. ಕಾರಣ ಧರ್ಮವೇ ಆಗಬೇಕೆಂದೂ ಇಲ್ಲ.

1969ರ ಟಿಂಕರ್ ಕೇಸಿನಲ್ಲಿ ಧರ್ಮದ ಸುದ್ದಿಯೇ ಇಲ್ಲ. ಅಯೋವಾದ ಡೆ ಮಾಯ್ನ್ ಊರಿನಲ್ಲಿ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದ ಸಾವುಗಳಿಗೆ ಶೋಕ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದಿದ್ದರು, ಸಸ್ಪೆಂಡ್ ಆದರು. ಶಾಲೆಯ ಗೇಟು ದಾಟಿದ ಕೂಡಲೇ ಮಕ್ಕಳ ಹಕ್ಕು ಉದುರಿಹೋಗುವುದಿಲ್ಲ ಎಂದು ಕೋರ್ಟ್ ಹೇಳಿತು. ಪಾಠಕ್ಕೆ ನಿಜವಾಗಿ ದೊಡ್ಡ ಅಡಚಣೆ ಆದರೆ, ಅಥವಾ ಬೇರೆ ಮಕ್ಕಳ ಹಕ್ಕಿಗೆ ಧಕ್ಕೆ ಬಂದರೆ ಮಾತ್ರ ಶಾಲೆ ತಡೆಯಬಹುದು. ಯಾರಿಗೋ ಇರಿಸುಮುರಿಸಾದೀತು ಅನ್ನುವ ಅಳುಕು ಸಾಲದು. ಧಾರ್ಮಿಕ ಮಾತಿಗೂ ಇದೇ ಅಳತೆ. ಕ್ರಿಕೆಟ್ಟಿನ ಬಗ್ಗೆ ಹರಟೆ ಹೊಡೆಯಬಹುದಾದ ಹೊತ್ತಿನಲ್ಲಿ ದೇವರ ಬಗ್ಗೆಯೂ ಮಾತಾಡಬಹುದು. ಪಾಠದ ಮಧ್ಯೆ ಎರಡೂ ಬೇಡ. ಗೆಳೆಯ ಸಾಕು ಅಂದ ಮೇಲೂ ಅವನ ಬೆನ್ನುಬಿದ್ದು ನಿನ್ನ ಧರ್ಮ ಸುಳ್ಳು ಅನ್ನುತ್ತಿದ್ದರೆ ಅದು ಪೀಡಿಸುವುದಾಗುತ್ತದೆ, ಆಗ ಶಾಲೆ ಮಧ್ಯೆ ಬರಬೇಕಾಗುತ್ತದೆ.

ಚೆಸ್ ಕ್ಲಬ್ ಇದ್ದರೆ ಬೈಬಲ್ ಕ್ಲಬ್ಬೂ

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಕಾನೂನು 1984ರ ಈಕ್ವಲ್ ಆಕ್ಸೆಸ್ ಆಕ್ಟ್. ಹೈಸ್ಕೂಲಿಗೆ ಕೇಂದ್ರ ಸರ್ಕಾರದ ಹಣ ಬರುತ್ತಿದ್ದು, ಅಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಒಂದೇ ಒಂದು ಕ್ಲಬ್ಬಿಗೆ ಜಾಗ ಕೊಟ್ಟಿದ್ದರೂ ಸಾಕು, ಧರ್ಮದ ಕಾರಣಕ್ಕೋ ರಾಜಕೀಯದ ಕಾರಣಕ್ಕೋ ಬೇರೆ ಕ್ಲಬ್ಬಿಗೆ ಇಲ್ಲ ಅನ್ನುವ ಹಾಗಿಲ್ಲ. ಶರತ್ತುಗಳಿವೆ. ಕ್ಲಬ್ಬನ್ನು ಮಕ್ಕಳೇ ಶುರುಮಾಡಬೇಕು, ಸೇರುವುದು ಅವರವರ ಇಷ್ಟ. ಸಭೆ ಪಾಠದ ಸಮಯದಲ್ಲಿ ನಡೆಯಬಾರದು. ಟೀಚರ್ ಬಂದು ಕೂರಬಹುದು, ಆದರೆ ಪ್ರಾರ್ಥನೆಯಲ್ಲಿ ಸೇರುವ ಹಾಗಿಲ್ಲ. ಹೊರಗಿನ ಪಾದ್ರಿಯೋ ಸ್ವಾಮೀಜಿಯೋ ಬಂದು ನಡೆಸಿಕೊಡುವ ಹಾಗಿಲ್ಲ, ವಾರವಾರ ಬಂದು ಕೂರುವ ಹಾಗೂ ಇಲ್ಲ.

ನೆಬ್ರಾಸ್ಕಾದ ಓಮಹಾದಲ್ಲಿ ಒಬ್ಬ ಹುಡುಗಿ ಕ್ರೈಸ್ತ ಕ್ಲಬ್ ಮಾಡುತ್ತೇನೆ ಅಂದಳು. ಪ್ರಿನ್ಸಿಪಾಲರು ಆಗುವುದಿಲ್ಲ ಅಂದರು. ಆ ಶಾಲೆಯಲ್ಲಿ ಆಗಲೇ ಚೆಸ್ ಕ್ಲಬ್ ಇತ್ತು, ನೀರಿನಡಿ ಈಜುವ ಸ್ಕೂಬಾ ಡೈವಿಂಗ್ ಕ್ಲಬ್ಬೂ ಇತ್ತು. ಇವೆಲ್ಲ ಪಾಠಕ್ಕೆ ಸಂಬಂಧಪಟ್ಟವೇ ಅಂತ ಶಾಲೆ ವಾದ ಹೂಡಿತು. 1990ರಲ್ಲಿ ಸುಪ್ರೀಂ ಕೋರ್ಟ್ 8–1ರಿಂದ ಹುಡುಗಿಯ ಪರ ತೀರ್ಪು ಕೊಟ್ಟಿತು. ಶಾಲೆ ತಾನೇ ಹೇಳುವ ಮಾತಿಗೂ, ತನ್ನ ಜಾಗದಲ್ಲಿ ಮಕ್ಕಳು ಹೇಳಲು ಬಿಡುವ ಮಾತಿಗೂ ಇರುವ ವ್ಯತ್ಯಾಸ ಹೈಸ್ಕೂಲ್ ಮಕ್ಕಳಿಗೆ ಗೊತ್ತಾಗುತ್ತದೆ ಅನ್ನುವುದು ನ್ಯಾಯಮೂರ್ತಿಗಳ ನಂಬಿಕೆ.

ಈ ಕಾನೂನು ಬರಲಿ ಅಂತ ಹೆಚ್ಚು ಓಡಾಡಿದವರು ಕ್ರೈಸ್ತ ಸಂಘಟನೆಗಳು. ಮುಂದೆ ಆದದ್ದೇ ಬೇರೆ. ಅದೇ ಕಾನೂನನ್ನು ಹಿಡಿದು ಸಲಿಂಗಿ ವಿದ್ಯಾರ್ಥಿಗಳೂ ಅವರ ಗೆಳೆಯರೂ ತಮಗೂ ಕ್ಲಬ್ ಬೇಕು ಅಂದರು. ಯೂಟಾದ ಸಾಲ್ಟ್ ಲೇಕ್ ಸಿಟಿಯ ಸ್ಕೂಲ್ ಬೋರ್ಡಿಗೆ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು, ಹಾಗಾಗಿ 1996ರಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಕ್ಲಬ್ಬುಗಳನ್ನೆಲ್ಲ ಒಟ್ಟಿಗೇ ಮುಚ್ಚಿಸಿತು. ಕೆಲವು ವರ್ಷ ಕೇಸು ನಡೆದು, ಕೊನೆಗೆ ಆ ನಿಷೇಧ ಹೋಯಿತು.

ಶಾಲೆ ಬಿಟ್ಟ ಮೇಲೆ ಹೊರಗಿನ ಸಂಸ್ಥೆಗಳಿಗೆ ಕೋಣೆ ಕೊಡುವ ವಿಷಯದಲ್ಲೂ ಇದೇ ತರ್ಕ. ಗುಡ್ ನ್ಯೂಸ್ ಕ್ಲಬ್ ಅನ್ನುವ ಕ್ರೈಸ್ತ ಮಕ್ಕಳ ಕ್ಲಬ್ಬಿಗೆ ಮಾತ್ರ ಜಾಗ ಇಲ್ಲ ಅಂದದ್ದು ತಪ್ಪು ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಆಮೇಲೆ ಸೇಟನಿಕ್ ಟೆಂಪಲ್ ಅನ್ನುವ ಗುಂಪು ನಮಗೂ ಕೋಣೆ ಕೊಡಿ ಅಂತ ಬಂತು. ಹೆಸರಿನಲ್ಲೇ ಸೈತಾನ, ಊರಿನವರಿಗೆ ಹೇಗಾಗಿರಬೇಡ! 2023ರಲ್ಲಿ ಪೆನ್ಸಿಲ್ವೇನಿಯಾದ ಒಂದು ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ) ಅವರಿಗೆ ಇಲ್ಲ ಅಂದು ಕೋರ್ಟಿನಲ್ಲಿ ಸೋತಿತು. ರಾಜಿಯಲ್ಲಿ ವಕೀಲರ ಖರ್ಚಿಗೆ ಅಂತ 2 ಲಕ್ಷ ಡಾಲರ್ ಕೊಡಬೇಕಾಯಿತು. ನಮಗೆ ಇಷ್ಟವಾದ ಧರ್ಮಕ್ಕೆ ಬಾಗಿಲು ತೆಗೆದರೆ ಇಷ್ಟವಿಲ್ಲದವರೂ ಅದೇ ಬಾಗಿಲಲ್ಲಿ ಬರುತ್ತಾರೆ. ಇದನ್ನು ಮೊದಲೇ ಯೋಚಿಸುವ ಸ್ಕೂಲ್ ಬೋರ್ಡುಗಳು ಕಡಿಮೆ.

ತಲೆಯ ಬಟ್ಟೆ, ಸೊಂಟದ ಕಿರ್ಪಾಣ, ಉದ್ದ ಕೂದಲು

ಬಟ್ಟೆಬರೆಯ ವಿಷಯ ಸ್ವಲ್ಪ ಗೋಜಲು. 1990ರಲ್ಲಿ ಸುಪ್ರೀಂ ಕೋರ್ಟ್ ಒಂದು ನಿಯಮ ಹಾಕಿತು: ಎಲ್ಲರಿಗೂ ಒಂದೇ ಸಮ ಅನ್ವಯಿಸುವ, ಯಾವ ಧರ್ಮವನ್ನೂ ಗುರಿ ಮಾಡದ ಕಾನೂನಿದ್ದರೆ, ಧರ್ಮದ ಹೆಸರಿನಲ್ಲಿ ವಿನಾಯಿತಿ ಕೊಡಲೇಬೇಕು ಅಂತ ಸಂವಿಧಾನ ಹೇಳುವುದಿಲ್ಲ. ಇದರಿಂದ ಸಂಸತ್ತಿಗೆ ಸಿಟ್ಟು ಬಂತು. 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಮರಳಿ ಗಟ್ಟಿಮಾಡುವ ಕಾನೂನು ತಂದರು. 1997ರಲ್ಲಿ ಕೋರ್ಟ್ ಆ ಕಾನೂನು ರಾಜ್ಯಗಳಿಗೆ ಅನ್ವಯಿಸುವುದಿಲ್ಲ ಅಂದಿತು. ಆಗ ರಾಜ್ಯಗಳು ಒಂದೊಂದಾಗಿ ತಮ್ಮದೇ ಕಾನೂನು ಮಾಡಿಕೊಂಡವು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥ ಕಾನೂನಿದೆ, ಉಳಿದವುಗಳಲ್ಲಿ ಇಲ್ಲ. ಹಾಗಾಗಿ ಮಗುವಿನ ಹಕ್ಕು ಎಷ್ಟು ಗಟ್ಟಿ ಅನ್ನುವುದು ಯಾವ ರಾಜ್ಯದ ಶಾಲೆ ಅನ್ನುವುದರ ಮೇಲೂ ನಿಂತಿದೆ.

ಟೆಕ್ಸಸ್‌ನ ನೀಡ್‌ವಿಲ್‌ನಲ್ಲಿ ಇದರ ಲಾಭ ಸಿಕ್ಕಿದ್ದು ಮೂಲನಿವಾಸಿ ಕುಟುಂಬದ ಒಬ್ಬ ಪುಟ್ಟ ಹುಡುಗನಿಗೆ. ಅವನು ಕಿಂಡರ್‌ಗಾರ್ಟನ್‌ಗೆ ಸೇರಬೇಕಿತ್ತು, ಕೂದಲು ಕತ್ತರಿಸುವುದು ಅವನ ನಂಬಿಕೆಗೆ ವಿರುದ್ಧ. ಜಡೆಯನ್ನು ಅಂಗಿಯೊಳಗೆ ತೂರಿಸಿಕೊಂಡಿರಬೇಕು, ಇಲ್ಲವೇ ತುರುಬು ಕಟ್ಟಬೇಕು ಅಂತ ಶಾಲೆ ಪಟ್ಟುಹಿಡಿಯಿತು. 2010ರಲ್ಲಿ ಫೆಡರಲ್ ಅಪೀಲು ಕೋರ್ಟ್ ಇದು ಟೆಕ್ಸಸ್ ರಾಜ್ಯದ್ದೇ ಕಾನೂನಿಗೆ ವಿರುದ್ಧ ಅಂದಿತು.

ಕ್ಯಾಲಿಫೋರ್ನಿಯಾದ ಲಿವಿಂಗ್‌ಸ್ಟನ್‌ನಲ್ಲಿ ಸಿಖ್ ಮಕ್ಕಳ ಕಿರ್ಪಾಣದ ಕೇಸು ಇನ್ನೂ ಕಠಿಣವಾದದ್ದು. ಒಂದು ಕಡೆ ದೀಕ್ಷೆ ಪಡೆದ ಸಿಖ್ಖರು ಸದಾ ಧರಿಸಬೇಕಾದ ಕಿರ್ಪಾಣ, ಇನ್ನೊಂದು ಕಡೆ ಶಾಲೆಗೆ ಚಾಕು ತರಬಾರದು ಅನ್ನುವ ನಿಯಮ. 1995ರಲ್ಲಿ ಅಪೀಲು ಕೋರ್ಟ್ ಎತ್ತಿಹಿಡಿದ ಪರಿಹಾರ ಹೀಗಿತ್ತು: ಅಲಗು ಸುಮಾರು ಮೂರು ಮೂರೂವರೆ ಇಂಚು ಮಾತ್ರ ಇರಬೇಕು, ಮೊಂಡಾಗಿರಬೇಕು, ಒರೆಗೆ ಬಿಗಿಯಾಗಿ ಹೊಲಿದಿರಬೇಕು, ಬಟ್ಟೆಯ ಒಳಗೆ ಕಾಣದ ಹಾಗೆ ಧರಿಸಬೇಕು. ಮಕ್ಕಳು ಶಾಲೆಗೆ ಹೋಗಬಹುದಾಯಿತು. ಕೇಸು ನಡೆದದ್ದು 1993ರ ಕಾನೂನಿನಡಿ, ಅದು ರಾಜ್ಯಗಳಿಗೆ ಇನ್ನೂ ಅನ್ವಯಿಸುತ್ತಿದ್ದ ದಿನಗಳಲ್ಲಿ. ಇವತ್ತು ಅದೇ ವಾದ ಎಲ್ಲ ಕಡೆ ಗೆಲ್ಲುತ್ತದೆ ಅನ್ನಲಾಗುವುದಿಲ್ಲ.

ರಾಜ್ಯದ ಕಾನೂನು ಇಲ್ಲದ ಕಡೆಯೂ ಒಂದು ದಾರಿ ಇದೆ. ನಿಯಮ ನಿಜವಾಗಿಯೂ ಎಲ್ಲರಿಗೂ ಒಂದೇ ಸಮ ಇದೆಯಾ ಅಂತ ನೋಡುವುದು. ಓಕ್ಲಹೋಮಾದ ಮಸ್ಕೋಗಿಯಲ್ಲಿ 2003ರಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳನ್ನು ಹಿಜಾಬ್ ಧರಿಸಿದ್ದಕ್ಕೆ ಸಸ್ಪೆಂಡ್ ಮಾಡಿದರು. ತಲೆಗೆ ಟೋಪಿ ಹಾಕಬಾರದು ಅನ್ನುವ ನಿಯಮ ಇದೆ ಅಂದರು. ಆದರೆ ಆ ನಿಯಮವನ್ನು ಎಲ್ಲರ ಮೇಲೂ ಒಂದೇ ರೀತಿ ಜಾರಿ ಮಾಡುತ್ತಿರಲಿಲ್ಲ ಅನ್ನುವುದು ಆಕ್ಷೇಪ. ಕೇಂದ್ರದ ನ್ಯಾಯ ಇಲಾಖೆ ಹುಡುಗಿಯ ಪರ ಕೇಸಿಗೆ ಸೇರಿಕೊಂಡಿತು. 2004ರಲ್ಲಿ ರಾಜಿಯಾಯಿತು, ಅವಳು ಹಿಜಾಬ್ ಧರಿಸಿಯೇ ತರಗತಿಗೆ ಬರಬಹುದಾಯಿತು. ಆರೋಗ್ಯದ ಕಾರಣಕ್ಕೆ ಒಬ್ಬರಿಗೆ ಟೋಪಿ ಬಿಟ್ಟುಕೊಟ್ಟರೆ ಧರ್ಮದ ಕಾರಣಕ್ಕೆ ಯಾಕಿಲ್ಲ ಅನ್ನುವ ಪ್ರಶ್ನೆಗೆ ಶಾಲೆಯ ಹತ್ತಿರ ಉತ್ತರ ಇರಬೇಕು. ಅನೇಕ ಸಲ ಇರುವುದಿಲ್ಲ.

ಮೈಕು ಯಾರದ್ದು?

ಇಲ್ಲಿತನಕ ಮಾತು ಮಗುವಿನದ್ದೋ ಶಾಲೆಯದ್ದೋ ಅಂತ ಸುಲಭವಾಗಿ ಹೇಳಬಹುದಿತ್ತು. ಎರಡೂ ಬೆರೆತಾಗ ಕಷ್ಟ ಶುರು.

ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ಶಾಲೆಯ ಪದವಿ ಸಮಾರಂಭಕ್ಕೆ ಪ್ರಿನ್ಸಿಪಾಲರು ಒಬ್ಬ ಯಹೂದಿ ಗುರುವನ್ನು ಪ್ರಾರ್ಥನೆಗೆ ಕರೆಸಿದ್ದರು. ಸಮಾರಂಭಕ್ಕೆ ಬರುವುದು ಕಡ್ಡಾಯ ಅಲ್ಲವಲ್ಲ ಅನ್ನುವುದು ಶಾಲೆಯ ವಾದ. 1992ರಲ್ಲಿ ಕೋರ್ಟ್ 5–4ರಿಂದ ಒಪ್ಪಲಿಲ್ಲ. ತನ್ನ ಪದವಿ ದಿನಕ್ಕೆ ಬರಬೇಡ ಅಂತ ಮಗುವಿಗೆ ಹೇಳುವುದು ಒಂದು ಆಯ್ಕೆಯೇ ಅಲ್ಲ ಅಂದಿತು. 2000ದಲ್ಲಿ ಟೆಕ್ಸಸ್‌ನ ಸಾಂಟಾ ಫೇ ಕೇಸಿನಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಪ್ರಾರ್ಥನೆ ಹೇಳುವವಳು ವಿದ್ಯಾರ್ಥಿನಿಯೇ, ಅವಳನ್ನು ಆರಿಸಿದವರೂ ವಿದ್ಯಾರ್ಥಿಗಳೇ. ಆದರೆ ಫುಟ್‌ಬಾಲ್ ಮೈದಾನ ಶಾಲೆಯದ್ದು, ಮೈಕು ಶಾಲೆಯದ್ದು, ಮತದಾನ ನಡೆಸಿದ್ದೂ ಶಾಲೆ. ಹಾಗಾಗಿ ಆ ಮಾತೂ ಶಾಲೆಯದ್ದೇ ಅಂತ ಕೋರ್ಟ್ ಹೇಳಿತು. ವೋಟು ಹಾಕಿ ಆರಿಸಿದರೆ ಕಡಿಮೆ ಜನರಿರುವ ಧರ್ಮದವರ ಸರದಿ ಯಾವತ್ತೂ ಬರುವುದಿಲ್ಲ ಅನ್ನುವ ಮಾತೂ ಆ ತೀರ್ಪಿನಲ್ಲಿದೆ. ನನಗೆ ಇದು ತುಂಬ ಸರಿ ಅನ್ನಿಸುತ್ತದೆ.

2022ರಲ್ಲಿ ಗಾಳಿ ಸ್ವಲ್ಪ ತಿರುಗಿತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಲ್ಲಿ ಒಬ್ಬ ಫುಟ್‌ಬಾಲ್ ಕೋಚ್ ಆಟ ಮುಗಿದ ಮೇಲೆ ಮೈದಾನದ ನಟ್ಟನಡುವೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಶಾಲೆ ತಡೆಯಿತು. ಅದು ಕೋಚ್‌ನ ಸ್ವಂತ ಪ್ರಾರ್ಥನೆ, ಶಾಲೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 6–3ರಿಂದ ತೀರ್ಪಿತ್ತಿತು. ಸರ್ಕಾರ ಧರ್ಮದ ಪಕ್ಷ ವಹಿಸಿದೆಯೇ ಅಂತ ಅಳೆಯಲು ಕೋರ್ಟುಗಳು ಬಳಸುತ್ತಿದ್ದ, 1971ರಿಂದ ಬಂದಿದ್ದ ಮೂರು ಹಂತದ ಹಳೆಯ ಪರೀಕ್ಷೆಯನ್ನು ಬಿಟ್ಟು, ದೇಶದ ಇತಿಹಾಸ ಮತ್ತು ಸಂಪ್ರದಾಯ ನೋಡಿ ತೀರ್ಮಾನಿಸಬೇಕು ಅಂದಿತು. ಕೋಚ್ ಸುತ್ತ ಆಟಗಾರರು ನೆರೆದಿರುವ ಫೋಟೊಗಳನ್ನು ಭಿನ್ನಮತದ ನ್ಯಾಯಮೂರ್ತಿಗಳು ತೀರ್ಪಿನಲ್ಲೇ ಹಾಕಿದ್ದಾರೆ. ತಂಡದಲ್ಲಿ ಜಾಗ ಕೊಡುವವನು ಮಂಡಿಯೂರಿದರೆ ಹದಿನಾರರ ಹುಡುಗ ತಾನೂ ಊರಬೇಕೇನೋ ಅಂದುಕೊಳ್ಳುವುದಿಲ್ಲವೇ? ತೀರ್ಪು ಕೋಚ್ ಪರ ಬಂದಿದ್ದರೂ ಈ ಪ್ರಶ್ನೆ ಹೋಗಿಲ್ಲ. ಹಾಗಂತ 1962, 1992 ಮತ್ತು 2000ದ ತೀರ್ಪುಗಳು ಬಿದ್ದಿಲ್ಲ. ಅವು ಇನ್ನೂ ಕಾನೂನೇ. ಇದರ ನಡುವೆಯೇ ಲೂಯಿಸಿಯಾನಾ 2024ರಲ್ಲಿ, ಟೆಕ್ಸಸ್ ಮತ್ತು ಅರ್ಕನ್ಸಾ 2025ರಲ್ಲಿ, ಪ್ರತಿ ತರಗತಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕು ಅಂತ ಕಾನೂನು ಮಾಡಿದವು. ಮೂರೂ ಕೋರ್ಟಿಗೆ ಹೋದವು. ಅದು ಸರ್ಕಾರದ ಮಾತಿನ ಪ್ರಶ್ನೆ, ಮಕ್ಕಳ ಮಾತಿನದ್ದಲ್ಲ.

ಹೋಂವರ್ಕ್, ಹಬ್ಬ, ಬೇಡ ಅನ್ನುವ ಹಕ್ಕು

ಹೋಂವರ್ಕಿನಲ್ಲಿ ದೇವರು ಬರಬಹುದು. ನಿನ್ನ ಆದರ್ಶ ವ್ಯಕ್ತಿಯ ಬಗ್ಗೆ ಬರೆ ಅಂದಾಗ ಮಗು ಬುದ್ಧನ ಬಗ್ಗೆಯೋ ಯೇಸುವಿನ ಬಗ್ಗೆಯೋ ಬರೆದರೆ ಬೇರೆ ಪ್ರಬಂಧಗಳ ಹಾಗೇ ತಿದ್ದಬೇಕು. ದೇವರ ವಿಷಯ ಅಂತ ಅಂಕ ಕಡಿಯುವ ಹಾಗೂ ಇಲ್ಲ, ಜಾಸ್ತಿ ಕೊಡುವ ಹಾಗೂ ಇಲ್ಲ. ಆದರೆ ಟೀಚರ್ ಒಪ್ಪಿದ ವಿಷಯ ಬಿಟ್ಟು ತನಗೆ ಬೇಕಾದ್ದನ್ನು ಬರೆದರೆ ರಕ್ಷಣೆ ಸಿಗುವುದು ಕಷ್ಟ. ಟೆನ್ನೆಸ್ಸಿಯಲ್ಲಿ ಹಾಗೆ ಯೇಸುವಿನ ಬಗ್ಗೆ ಬರೆದು ಸೊನ್ನೆ ಪಡೆದ ವಿದ್ಯಾರ್ಥಿನಿ 1995ರಲ್ಲಿ ಅಪೀಲು ಕೋರ್ಟಿನಲ್ಲೂ ಸೋತಳು.

ಹಬ್ಬದ ರಜೆ ಬಹುಮಟ್ಟಿಗೆ ರಾಜ್ಯದ, ಸ್ಕೂಲ್ ಡಿಸ್ಟ್ರಿಕ್ಟಿನ ಕೈಯಲ್ಲಿದೆ. ಎಷ್ಟೋ ಕಡೆ ಪೋಷಕರು ಬರೆದುಕೊಟ್ಟರೆ ಹಬ್ಬದ ದಿನದ ಗೈರನ್ನು ಮನ್ನಿಸುತ್ತಾರೆ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಕೊಡುವ ಕಾನೂನು 2023ರ ನವೆಂಬರಿನಲ್ಲಿ ಆಯಿತು.

ಪಾಠವೇ ಬೇಡ ಅನ್ನುವ ಹಕ್ಕು ಮಾತ್ರ ಈಚೆಗೆ ದೊಡ್ಡದಾಗಿದೆ. 1972ರಲ್ಲಿ ಎಂಟನೇ ತರಗತಿಯ ಆಚೆಗೆ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಅಂತ ಆಧುನಿಕ ಬದುಕಿನಿಂದ ದೂರ ಇರುವ ಅಮಿಶ್ ಅನ್ನುವ ಕ್ರೈಸ್ತ ಪಂಗಡದವರನ್ನು ಬಲವಂತ ಮಾಡುವ ಹಾಗಿಲ್ಲ ಅಂತ ಕೋರ್ಟ್ ಹೇಳಿತ್ತು. ತುಂಬ ವರ್ಷ ಇದನ್ನು ಒಂದು ವಿಶೇಷ ಪಂಗಡದ ಕೇಸು ಅಂತಲೇ ನೋಡುತ್ತಿದ್ದರು. 2025ರ ಜೂನ್‌ನಲ್ಲಿ ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಪೋಷಕರು ಗೆದ್ದರು. ಸಲಿಂಗ ಪ್ರೇಮ, ಲಿಂಗ ಬದಲಾವಣೆಯ ಕಥೆಗಳಿರುವ ಪುಸ್ತಕಗಳನ್ನು ಚಿಕ್ಕ ಮಕ್ಕಳಿಗೆ ಓದುವಾಗ ತಮ್ಮ ಮಕ್ಕಳನ್ನು ಹೊರಗಿಡುವ ಅವಕಾಶ ಬೇಕು ಅನ್ನುವುದು ಮುಸ್ಲಿಂ ಮತ್ತು ಕ್ರೈಸ್ತ ಪೋಷಕರ ಬೇಡಿಕೆ. ಕೋರ್ಟ್ 6–3ರಿಂದ ಒಪ್ಪಿತು. ಮುಂದೆ ವಿಕಾಸವಾದದ ಪಾಠಕ್ಕೂ ಇದೇ ಕೇಳಿದರೆ? ಅದಕ್ಕೆ ಮುಂದಿನ ಕೇಸುಗಳು ಉತ್ತರ ಹೇಳಬೇಕು.

ದೂರು ಕೊಡುವ ದಾರಿ

ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ಶಾಲೆ ತನ್ನ ಧರ್ಮದ ಪ್ರಾರ್ಥನೆಯನ್ನು ಕಡ್ಡಾಯ ಮಾಡಿದರೆ ಈ ಯಾವ ತೀರ್ಪೂ ಅಡ್ಡ ಬರುವುದಿಲ್ಲ. ಸರ್ಕಾರಿ ಶಾಲೆಯಾದರೆ ಮೊದಲು ಪ್ರಿನ್ಸಿಪಾಲರು, ಆಮೇಲೆ ಸ್ಕೂಲ್ ಬೋರ್ಡ್. ಕೇಂದ್ರದ ನ್ಯಾಯ ಇಲಾಖೆಯ ನಾಗರಿಕ ಹಕ್ಕು ವಿಭಾಗಕ್ಕೂ ಬರೆಯಬಹುದು, 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಶಾಲೆಗಳಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ಅದು ವಿಚಾರಿಸುತ್ತದೆ. ಕೊನೆಯದು ಕೋರ್ಟು.

ಕೋರ್ಟಿನಲ್ಲಿ ಗೆದ್ದರೂ ಎಲ್ಲ ಸಿಗುತ್ತದೆ ಅಂತಿಲ್ಲ. ಟೆಕ್ಸಸ್‌ನ ಪ್ಲೇನೋದಲ್ಲಿ ಪ್ರೈಮರಿ ಮಕ್ಕಳು ಗೆಳೆಯರಿಗೆ ಕೊಡುವ ಉಡುಗೊರೆಗಳ ಮೇಲೆ ಕ್ರೈಸ್ತ ಸಂದೇಶ ಇತ್ತು ಅಂತ ಪ್ರಿನ್ಸಿಪಾಲರು ತಡೆದಿದ್ದರು. ಅವುಗಳಲ್ಲಿ ಕ್ಯಾಂಡಿ ಕೇನ್ (ಕ್ರಿಸ್‌ಮಸ್‌ನ ಬಾಗಿದ ಕೋಲಿನಂಥ ಮಿಠಾಯಿ) ಆಕಾರದ ಪೆನ್ನುಗಳೂ ಇದ್ದವು. 2011ರಲ್ಲಿ ಅಪೀಲು ಕೋರ್ಟಿನ ಪೂರ್ಣ ಪೀಠ, ಅಷ್ಟು ಚಿಕ್ಕ ಮಕ್ಕಳಿಗೂ ಮಾತಿನ ಹಕ್ಕು ಇದೆ, ಅದಕ್ಕೆ ಧಕ್ಕೆ ಬಂದಿದೆ ಅಂತ ಹೇಳಿತು. ಆದರೆ ಆಗ ಕಾನೂನು ಸಾಕಷ್ಟು ಸ್ಪಷ್ಟವಿರಲಿಲ್ಲ, ಆದ್ದರಿಂದ ಪ್ರಿನ್ಸಿಪಾಲರು ಪರಿಹಾರ ಕಟ್ಟಿಕೊಡಬೇಕಿಲ್ಲ ಅಂತಲೂ ಅದೇ ತೀರ್ಪು ಹೇಳಿತು.